ಲೀಬ್ ಸಮೀಕರಣ: ಲ್ಯಾಮ್ಡಾ ಚಿಕ್ಕದಾದರೆ ಸಾಂದ್ರತೆ ಮೈನಸ್ ಬರುತ್ತಿದೆ

ಪ್ರಶ್ನೆ

ನಮಸ್ಕಾರ. ಒಂದೇ ಗೆರೆಯಲ್ಲಿ ಓಡಾಡುವ ಬೋಸಾನ್‌ಗಳ ಲೀಬ್–ಲಿನಿಗರ್ ಮಾದರಿಗೆ (1963) ಪೈಥಾನ್‌ನಲ್ಲಿ ಕೋಡ್ ಬರೆದಿದ್ದೇನೆ. ಇಂಥ ಮಾದರಿಗಳನ್ನು ನಿಖರವಾಗಿ ಬಿಡಿಸುವ ವಿಧಾನವಾದ ಬೆತೆ ಆನ್ಸಾಟ್ಸ್‌ನಿಂದ ಸಿಗುವ ಇಂಟಿಗ್ರಲ್ ಸಮೀಕರಣವನ್ನು (ಲೀಬ್ ಸಮೀಕರಣ; ಕಣಗಳ ಆವೇಗಗಳ ಸಾಂದ್ರತೆ ಜಿ(ಎಕ್ಸ್) ಕೊಡುತ್ತದೆ, ಎಕ್ಸ್ -1ರಿಂದ 1ರವರೆಗೆ) 40 ಗಾಸ್–ಲೆಜಾಂಡ್ರ್ ಬಿಂದುಗಳಲ್ಲಿ ಮ್ಯಾಟ್ರಿಕ್ಸ್ ಮಾಡಿ ಬಿಡಿಸುತ್ತೇನೆ. ಲ್ಯಾಮ್ಡಾ (ಕಣಗಳ ನಡುವಿನ ತಳ್ಳಾಟದ ಬಲವನ್ನು ಗರಿಷ್ಠ ಆವೇಗದಿಂದ ಭಾಗಿಸಿದ್ದು) ದೊಡ್ಡದಿದ್ದಾಗ ಎಲ್ಲ ಸರಿ. ಶಕ್ತಿ ಟಾಂಕ್ಸ್–ಜಿರಾರ್ಡೋ ಅನಿಲದ (ತಳ್ಳಾಟ ಅಪರಿಮಿತವಾದಾಗಿನ ಸ್ಥಿತಿ) ಬೆಲೆಗೆ, ಅಂದರೆ 3.29ರ ಕಡೆಗೆ, ಹೋಗುತ್ತದೆ. ಲ್ಯಾಮ್ಡಾ 0.02 ಕೊಟ್ಟರೆ ಮಾತ್ರ ಸಾಂದ್ರತೆ ಮಧ್ಯದಲ್ಲೇ ಮೈನಸ್‌ಗೆ ಇಳಿಯುತ್ತದೆ. ಎರಡು ದಿನದಿಂದ ಸೂತ್ರ ತಿದ್ದುತ್ತಾ ಕೂತಿದ್ದೇನೆ. ಎಲ್ಲಿ ತಪ್ಪಿದೆ?

ಉತ್ತರ

ಸೂತ್ರ ಮುಟ್ಟಬೇಡಿ, ಅದು ಸರಿಯಾಗೇ ಇದೆ. ಬಿಂದುಗಳ ನಡುವಿನ ಅಂತರ ನೋಡಿ.

40 ಬಿಂದು ಇಟ್ಟರೆ ಮಧ್ಯದಲ್ಲಿ ಅಂತರ ಸುಮಾರು 0.08. ನಿಮ್ಮ ಕರ್ನೆಲ್ (ಇಂಟಿಗ್ರಲ್ ಒಳಗೆ ಸಾಂದ್ರತೆಯನ್ನು ಗುಣಿಸುವ ಫಲನ) ಒಂದು ಚೂಪು ಗುಡ್ಡ, ಅದರ ಅಗಲ ಲ್ಯಾಮ್ಡಾದಷ್ಟು, ಬರೀ 0.02. ನೆತ್ತಿಯ ಮೇಲೆ ಒಂದು ಬಿಂದು ಕೂರುತ್ತದೆ, ಇಳಿಜಾರಿನಲ್ಲಿ ಒಂದೂ ಇಲ್ಲ. ಹಾಗಾಗಿ ಇಡೀ 0.08 ಅಗಲಕ್ಕೂ ನೆತ್ತಿಯ ಎತ್ತರವೇ ಇದೆ ಅಂತ ಕೋಡ್ ಲೆಕ್ಕ ಹಾಕುತ್ತದೆ. ಮಧ್ಯದ ಸಾಲಿನ ಕರ್ನೆಲ್ ಅಂಶಗಳನ್ನು ಕೂಡಿಸಿ, ಎರಡು ಪೈಯಿಂದ ಭಾಗಿಸಿ. 0.987 ಬರಬೇಕು. ನಿಮಗೆ 1.5ರ ಹತ್ತಿರ ಬರುತ್ತದೆ. 1ರಿಂದ ಅದನ್ನು ಕಳೆದರೆ ಮೈನಸ್ಸೇ ಅಲ್ವಾ?

ಹೀಗೆ ಮಾಡಿ. ಇಂಟಿಗ್ರಲ್ ಒಳಗಿನ ಜಿ(ವೈ)ಯಿಂದ ಜಿ(ಎಕ್ಸ್) ಕಳೆಯಿರಿ. ಕಳೆದದ್ದನ್ನು ಹೊರಗೆ ವಾಪಸ್ ಸೇರಿಸಿ. ಅಲ್ಲಿ ಉಳಿಯುವುದು ಬರೀ ಕರ್ನೆಲ್‌ನ ಇಂಟಿಗ್ರಲ್, ಎರಡು ಆರ್ಕ್‌ಟ್ಯಾನ್‌ಗಳಲ್ಲಿ ಕೈಲೇ ಬರೆಯಬಹುದು. ಈಗ ಪ್ರತಿ ಸಾಲಿನಲ್ಲೂ ಕರ್ಣದ ಅಂಶವೇ ಉಳಿದವೆಲ್ಲ ಸೇರಿದ್ದಕ್ಕಿಂತ ದೊಡ್ಡದು. ಸಾಂದ್ರತೆ ಮೈನಸ್ ಆಗೋಕೆ ದಾರಿಯೇ ಇಲ್ಲ.

ಆದರೆ ಚಿಹ್ನೆ ಸರಿಯಾಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಅಂತರ ಲ್ಯಾಮ್ಡಾದ ಅರ್ಧಕ್ಕಾದರೂ ಇಳಿಯಬೇಕು. 320 ಬಿಂದು ಹಾಕಿ, ಲ್ಯಾಪ್‌ಟಾಪ್‌ಗೆ ಅದೇನೂ ಭಾರ ಅಲ್ಲ.

ಇನ್ನೊಂದು ಮಾತು. ಇದೇ ಸಮೀಕರಣವನ್ನು ಲವ್ 1949ರಲ್ಲಿ ಎದುರುಬದುರಾದ ಎರಡು ದುಂಡು ತಟ್ಟೆಗಳ ಕೆಪಾಸಿಟರ್‌ಗೆ ಬರೆದಿದ್ದರು. ನಿಮ್ಮ ಲ್ಯಾಮ್ಡಾ ಅಲ್ಲಿ ತ್ರಿಜ್ಯದ ಲೆಕ್ಕದಲ್ಲಿ ತಟ್ಟೆಗಳ ಅಂತರ. ತಟ್ಟೆ ಹತ್ತಿರ ಬಂದಷ್ಟೂ ಚಾರ್ಜ್ ಜಾಸ್ತಿ. ನಿಮ್ಮ ಬೋಸಾನ್‌ಗಳಂಥ ತಣ್ಣನೆಯ ಪರಮಾಣುಗಳಲ್ಲೂ ಅದೇ ಗಣಿತ ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ನಿಮ್ಮ ಮಧ್ಯದ ಬೆಲೆಯೂ ಹಾಗೇ ಏರಿ 8 ದಾಟಬೇಕು.

ಪ್ರಶ್ನೆ ಕೇಳಿದವರು

ಬಂತು ಸರ್! ಮಧ್ಯದಲ್ಲಿ 8.2, ಗ್ರಾಫ್ ಚೆಂದವಾಗಿ ಕಮಾನಿನಂತೆ ಬಾಗಿದೆ. ಶಕ್ತಿಯನ್ನು ಗಾಮಾದಿಂದ (ತಳ್ಳಾಟದ ಬಲವನ್ನು ಗೆರೆಯ ಮೇಲಿನ ಕಣಗಳ ದಟ್ಟಣೆಯಿಂದ ಭಾಗಿಸಿದ್ದು) ಭಾಗಿಸಿದರೆ 0.983. ಆದರೆ ಗಾಮಾ 4 ಲ್ಯಾಮ್ಡಾ ವರ್ಗ, ಅಂದರೆ 0.0016 ಆಗುತ್ತದೆ ಅಂದುಕೊಂಡಿದ್ದೆ. 0.00153 ಬಂದಿದೆ.

ಉತ್ತರ

0.00153 ಸರಿ. 4 ಲ್ಯಾಮ್ಡಾ ವರ್ಗ ಬರೀ ಮೊದಲ ಅಂದಾಜು. ಅದರ ಹಿಂದೆ ಲಾಗ್ ಇರುವ ತಿದ್ದುಪಡಿ ಬರುತ್ತದೆ, ಅದು ನಿಧಾನಕ್ಕೆ ಕರಗುತ್ತದೆ. 0.983 ಕೂಡ ತಳ್ಳಾಟ ಕಡಿಮೆ ಇದ್ದಾಗ ಬಳಸುವ ಬೊಗೊಲ್ಯುಬೊವ್ ಲೆಕ್ಕಕ್ಕೆ ಕೂಡಿಬರುತ್ತದೆ. ಮುಂದೆ 0.005ಕ್ಕೆ ಹೋಗುವುದಾದರೆ ಬಿಂದುಗಳನ್ನೂ ನಾಲ್ಕು ಪಟ್ಟು ಮಾಡಿ.