‘ನನಗೆ ಹಾಲೇ ಇಲ್ಲ’ ಅನ್ನುವ ಬಾಣಂತಿಗೆ ಧೈರ್ಯ ತುಂಬೋದು ಹೇಗೆ?

ಕೇಳಿದ್ದು: ತಂಗಿಗೆ ಈ ವಾರ ಹೆರಿಗೆ ಆಯಿತು, ಚೊಚ್ಚಲು. ಮಗು ಅತ್ತಾಗಲೆಲ್ಲ ‘ನನಗೆ ಹಾಲೇ ಇಲ್ಲ’ ಅಂತ ತಾನೂ ಅಳುತ್ತಾಳೆ. ಎಲ್ಲ ಸರಿಹೋಗುತ್ತೆ ಅಂದರೆ ಕೇಳುತ್ತಿಲ್ಲ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಎರಡು ಮಕ್ಕಳ ತಾಯಿ: ‘ಸರಿಹೋಗುತ್ತೆ’ ಅನ್ನೋದನ್ನ ಮೊದಲು ನಿಲ್ಲಿಸಿ. ಆ ಮಾತು ಕೇಳಿದರೆ ನನಗೆ ರೇಗುತ್ತಿತ್ತು. ಎಷ್ಟು ಹಾಲು ಹೊಟ್ಟೆಗೆ ಹೋಯಿತು ಅಂತ ಕಾಣೋದಿಲ್ಲ ಅಲ್ವಾ, ಭಯ ಹುಟ್ಟೋದೇ ಅಲ್ಲಿ. ಕಣ್ಣಿಗೆ ಕಾಣೋದನ್ನ ಲೆಕ್ಕ ಇಡೋಕೆ ಹೇಳಿಕೊಡಿ. 5ನೇ ದಿನದಿಂದ ಮಗು 24 ಗಂಟೆಯಲ್ಲಿ 6 ಸಲವಾದರೂ ಮೂತ್ರ ಮಾಡಬೇಕು, ಬಣ್ಣ ತಿಳಿಯಾಗಿರಬೇಕು. ಮೊದಲು ಕಪ್ಪಗಿದ್ದ ಕಕ್ಕ ಅಷ್ಟೊತ್ತಿಗೆ ಹಳದಿಗೆ ತಿರುಗಿರುತ್ತೆ. ನಾನು ಫ್ರಿಜ್ ಮೇಲೆ ಚೀಟಿ ಅಂಟಿಸಿ, ಬಟ್ಟೆ ಒದ್ದೆಯಾದಾಗಲೆಲ್ಲ ಒಂದು ಗೀಟು ಎಳೆಯುತ್ತಿದ್ದೆ. ಆ ಗೀಟುಗಳು ಕೊಟ್ಟ ಧೈರ್ಯ ಯಾರ ಮಾತೂ ಕೊಡಲಿಲ್ಲ.

ಸಂಜೆ ಹೊತ್ತು ಮಗು ಮತ್ತೆ ಮತ್ತೆ ಕುಡಿಯೋಕೆ ಹಟ ಮಾಡುತ್ತೆ. ಹಾಲು ಬತ್ತಿತು ಅಂತ ಅದರ ಅರ್ಥ ಅಲ್ಲ. ದಿನಕ್ಕೆ 8ರಿಂದ 12 ಸಲ ಕುಡಿಯೋದು ಮಾಮೂಲು.

ಹೆರಿಗೆ ವಾರ್ಡಿನ ನರ್ಸ್: ಮೊದಲ ದಿನ ಒಂದು ಸಲಕ್ಕೆ ಮಗುವಿಗೆ ಒಂದು ಟೀ ಚಮಚದಷ್ಟು ಹಾಲು ಸಾಕು. ಆ ಹಳದಿ ಗಟ್ಟಿ ಹಾಲು ಬರೋದೂ ಅಷ್ಟೇ. 2ರಿಂದ 5 ದಿನದೊಳಗೆ ಹಾಲು ಜಾಸ್ತಿಯಾಗುತ್ತೆ, ಸಿಸೇರಿಯನ್ ಆದವರಿಗೆ ಕೆಲವೊಮ್ಮೆ ತಡ. ಬಸುರಿನಲ್ಲೇ ಇದನ್ನು ಹೇಳಿಟ್ಟಿದ್ದರೆ ಅರ್ಧ ಗಾಬರಿ ಇರೋದಿಲ್ಲ.

ಈಗ ಮಾಡಬೇಕಾದ್ದು: ಹಾಲು ಕುಡಿಸೋದು ಚೆನ್ನಾಗಿ ಗೊತ್ತಿರುವ ಒಬ್ಬರು ಪಕ್ಕದಲ್ಲಿ ಕೂತು, ಒಂದು ಸಲ ಕುಡಿಸೋದನ್ನ ಶುರುವಿಂದ ಕೊನೆವರೆಗೆ ನೋಡಲಿ. ಮಗುವಿನ ಹೊಟ್ಟೆ ತಾಯಿಯ ಮೈಗೆ ತಾಗಿರಬೇಕು. ಬಾಯಿ ಅಗಲಿಸುವವರೆಗೆ ಕಾದು ಎದೆಗೆ ತಂದುಕೊಳ್ಳಬೇಕು. ಗದ್ದ ಎದೆಗೆ ಒತ್ತಿ, ಕೆಳತುಟಿ ಹೊರಕ್ಕೆ ಮಡಚಿದ್ದರೆ ಚೆನ್ನಾಗಿ ಹಿಡಿದಿದೆ ಅಂತ. ಮೊದಲು ಪಟಪಟ ಚೀಪುತ್ತೆ, ಆಮೇಲೆ ನಿಧಾನ, ಗುಟುಕು ನುಂಗೋದು ಕೇಳಿಸುತ್ತೆ. ಉದ್ದಕ್ಕೂ ನೋವಿದ್ದರೆ ಬಾಯಿಯ ಮೂಲೆಯಲ್ಲಿ ಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಲಿ.

ನಾವೇ ಮಗುವಿನ ತಲೆ ಹಿಡಿದು ಒತ್ತೋದು ಬೇಡ. ಮಗು ಕುಡಿದರೂ ತಾಯಿಗೆ ‘ನನ್ನ ಕೈಲಿ ಆಗಲ್ಲ’ ಅನ್ನೋದೇ ಉಳಿಯುತ್ತೆ. ಬಾಯಲ್ಲಿ ಹೇಳಿ, ಅವಳ ಕೈಯಲ್ಲೇ ಮಾಡಿಸಿ.

ಒಬ್ಬ ಅಪ್ಪ: ‘ಮತ್ತೆ ಹಸಿವಾ? ಹಾಲು ಸಾಲ್ತಿಲ್ಲ ಅನ್ಸುತ್ತೆ’ ಅನ್ನುವ ನೆಂಟರನ್ನು ಕೋಣೆಯಿಂದ ಆಚೆ ಕಳಿಸೋದು ನನ್ನ ಡ್ಯೂಟಿಯಾಗಿತ್ತು. ತೇಗು ತೆಗೆಸೋದು, ಬಟ್ಟೆ ಬದಲಿಸೋದೂ ನನ್ನದೇ. ಕುಡಿಸೋದೊಂದು ಬಿಟ್ಟರೆ ಉಳಿದದ್ದೆಲ್ಲ ಬೇರೆಯವರೂ ಮಾಡಬಹುದು, ಸುಮ್ನೆ ಸಲಹೆ ಕೊಡೋ ಬದಲು.

ಮತ್ತೊಬ್ಬ ತಾಯಿ: ಗಾಬರಿಗೆ ಡಬ್ಬಿ ಹಾಲು ಶುರು ಮಾಡಬೇಡಿ. ಮಗು ಕುಡಿದಷ್ಟೂ ಎದೆಯಲ್ಲಿ ಹಾಲು ತಯಾರಾಗುತ್ತೆ, ಬಾಟಲಿಗೆ ಹೋದಷ್ಟೂ ಅದು ಇಳಿಯುತ್ತೆ. ಆದರೆ ತೂಕ ಏರುತ್ತಿಲ್ಲ ಅಂತ ಡಾಕ್ಟರೇ ಹೇಳಿದರೆ ಧೈರ್ಯವಾಗಿ ಕೊಡಿ. ನನ್ನ ಮಗಳಿಗೆ ಸ್ವಲ್ಪ ದಿನ ಎರಡೂ ಕೊಟ್ಟೆ, ಆಮೇಲೆ ಬರೀ ಎದೆಹಾಲಿಗೇ ಬಂದಳು.

ನರ್ಸ್, ಮತ್ತೆ: ಮಗು ಎಬ್ಬಿಸಿದರೂ ಕುಡಿಯದೆ ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ಮೈ ಹಳದಿ ಏರುತ್ತಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ತಂಗಿಯ ಅಳು ಎರಡು ವಾರ ಕಳೆದರೂ ನಿಲ್ಲದಿದ್ದರೆ ಅದನ್ನೂ ಹೇಳಿ.