ಮೇಲ್ ಬಂದಿದೆ, ಟಿಕೆಟ್ ಆಗಿಲ್ಲ: ನೀವಾದರೆ ಎಲ್ಲಿ ಹುಡುಕುತ್ತೀರಿ?

ಕೇಳಿದವರು:
ನಮ್ಮ ಸಪೋರ್ಟ್ ವಿಳಾಸಕ್ಕೆ ಬರುವ ಮೇಲ್‌ಗಳನ್ನು ಹೆಲ್ಪ್ ಡೆಸ್ಕ್ ಸಾಫ್ಟ್‌ವೇರ್ ಐಮ್ಯಾಪ್ (ಮೇಲ್‌ಬಾಕ್ಸ್‌ನಲ್ಲಿರುವ ಮೇಲ್ ಓದುವ ವಿಧಾನ) ಮೂಲಕ ಐದು ನಿಮಿಷಕ್ಕೊಮ್ಮೆ ಎಳೆದುಕೊಂಡು ಟಿಕೆಟ್, ಅಂದರೆ ದೂರಿನ ದಾಖಲೆ, ಮಾಡುತ್ತದೆ. ಸಾಫ್ಟ್‌ವೇರ್ ನಮ್ಮದೇ ಸರ್ವರ್‌ನಲ್ಲಿದೆ. ಈಚೆಗೆ ಕೆಲವು ಮೇಲ್ ಟಿಕೆಟ್ ಆಗುತ್ತಿವೆ, ಕೆಲವು ಆಗುತ್ತಿಲ್ಲ. ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ನಾನು ಪರೀಕ್ಷೆಗೆ ಕಳಿಸಿದ್ದು ಪ್ರತಿ ಸಲವೂ ಸರಿಯಾಗಿ ಟಿಕೆಟ್ ಆಗುತ್ತದೆ. ಗ್ರಾಹಕರು ಮಾತ್ರ ‘ಎಷ್ಟು ಸಲ ಬರೆಯೋದು, ಯಾರೂ ನೋಡ್ತಾನೇ ಇಲ್ಲ’ ಅಂತ ಫೋನ್ ಮಾಡುತ್ತಿದ್ದಾರೆ. ಪಾಸ್‌ವರ್ಡ್ ಬದಲಿಸಿ ನೋಡಲಾ? ಎಲ್ಲಾ ಮತ್ತೆ ಇನ್‌ಸ್ಟಾಲ್ ಮಾಡಲಾ? ಇಂಥದ್ದು ಕಂಡವರು ನಿಮ್ಮ ಅನುಭವ ಹೇಳಿ.

ಹೆಲ್ಪ್ ಡೆಸ್ಕ್ ಅಡ್ಮಿನ್ ಒಬ್ಬರು:
ಪಾಸ್‌ವರ್ಡ್ ಮುಟ್ಟಬೇಡಿ. ಮತ್ತೆ ಇನ್‌ಸ್ಟಾಲ್ ಮಾಡುವುದಂತೂ ಬೇಡವೇ ಬೇಡ. ಕೆಲವು ಟಿಕೆಟ್ ಆಗುತ್ತಿವೆ ಅಂದರೆ ಲಾಗಿನ್, ಪೋರ್ಟ್, ಸರ್ಟಿಫಿಕೇಟ್, ಕ್ರಾನ್ (ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ನಡೆಸುವ ವ್ಯವಸ್ಥೆ) ಎಲ್ಲಾ ಸರಿ ಇವೆ ಅಂತಾಯಿತು. ಅದರಲ್ಲಿ ಯಾವುದೇ ಒಂದು ಕೆಟ್ಟಿದ್ದರೂ ಒಂದು ಮೇಲೂ ಒಳಗೆ ಬರುತ್ತಿರಲಿಲ್ಲ.

ಕಳೆದುಹೋದ ಒಂದೇ ಒಂದು ಮೇಲ್ ಹಿಡಿದುಕೊಳ್ಳಿ. ‘ಮೇಲ್ ಬರ್ತಿಲ್ಲ’ ಅನ್ನುವ ದೂರಿನ ಹಿಂದೆ ಹೊರಟರೆ ಸುಮ್ನೆ ಸುತ್ತಾಟ. ಫೋನ್ ಮಾಡಿದ ಗ್ರಾಹಕರಲ್ಲಿ ಒಬ್ಬರನ್ನು ಕೇಳಿ: ಯಾವಾಗ ಕಳಿಸಿದಿರಿ, ಯಾವ ವಿಳಾಸದಿಂದ, ಯಾವ ವಿಳಾಸಕ್ಕೆ, ಸಬ್ಜೆಕ್ಟ್ ಏನಿತ್ತು. ಸಾಧ್ಯವಾದರೆ ಅದರ ಮೆಸೇಜ್-ಐಡಿ ತರಿಸಿಕೊಳ್ಳಿ. ಪ್ರತಿ ಮೇಲ್‌ಗೂ ಬೇರೆಯೇ ಇರುವ ಗುರುತು ಅದು. ಮೇಲ್ ಸರ್ವರ್‌ನ ಲಾಗ್‌ನಲ್ಲೂ ಸಿಗುತ್ತದೆ, ಹೆಲ್ಪ್ ಡೆಸ್ಕ್‌ನ ಡೇಟಾಬೇಸ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ.

ಆಮೇಲೆ ಪ್ರಶ್ನೆ ಒಂದೇ: ಆ ಮೇಲ್ ಎಲ್ಲಿ ನಿಂತಿದೆ? ಮೇಲ್‌ಬಾಕ್ಸ್‌ಗೇ ಬಂದಿಲ್ಲವೋ, ಬಂದರೂ ಸಾಫ್ಟ್‌ವೇರ್ ಎಳೆದುಕೊಂಡಿಲ್ಲವೋ, ಎಳೆದುಕೊಂಡ ಮೇಲೆ ಬಿಸಾಕಿದೆಯೋ? ಈ ಮೂರಕ್ಕೂ ಔಷಧ ಬೇರೆ ಬೇರೆ. ಇದು ಗೊತ್ತಾಗುವ ತನಕ ಯಾವ ಸೆಟ್ಟಿಂಗ್ ಬದಲಿಸಿದರೂ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಎರರ್ ಇಲ್ಲದೆ ಕೆಲವಷ್ಟೇ ತಪ್ಪುತ್ತಿದ್ದರೆ ನನ್ನ ಮೊದಲ ಅನುಮಾನ ‘ಓದಿದೆ’ ಅನ್ನುವ ಗುರುತಿನ ಮೇಲೆ. ಬಹಳಷ್ಟು ಸಾಫ್ಟ್‌ವೇರ್ ಇನ್‌ಬಾಕ್ಸ್‌ನಲ್ಲಿ ಓದದ ಮೇಲ್‌ಗಳನ್ನು ಮಾತ್ರ ಹುಡುಕುತ್ತದೆ. ಯಾರಾದರೂ ಅದೇ ಮೇಲ್‌ಬಾಕ್ಸನ್ನು ಫೋನಲ್ಲೋ ಬ್ರೌಸರ್‌ನಲ್ಲೋ ತೆರೆದು ಒಂದು ಮೇಲ್ ಮೇಲೆ ಬೆರಳಿಟ್ಟರೆ ಸಾಕು, ಅದು ಓದಿದ್ದಾಯಿತು. ಮುಂದಿನ ಸುತ್ತಿನಲ್ಲಿ ಸಾಫ್ಟ್‌ವೇರ್ ಅದನ್ನು ದಾಟಿ ಹೋಗುತ್ತದೆ. ಅದರ ಪ್ರಕಾರ ತಪ್ಪೇನೂ ನಡೆದಿಲ್ಲ, ಎರರ್ ಎಲ್ಲಿಂದ ಬರಬೇಕು? ಇನ್ನೊಂದು ಮಾತು: ಐಮ್ಯಾಪ್‌ನಲ್ಲಿ ಮೇಲ್‌ನ ಒಳಗಿನ ಬರಹವನ್ನು ಎಳೆದ ಕೂಡಲೇ ಈ ಗುರುತು ತಾನಾಗಿಯೇ ಬೀಳುತ್ತದೆ. ಗುರುತು ಹಾಕದೆ ಇಣುಕಿ ನೋಡುವ ‘ಪೀಕ್’ ಅಂತ ಬೇರೆ ವಿಧಾನವಿದೆ, ಆದರೆ ಎಲ್ಲಾ ಸಾಫ್ಟ್‌ವೇರ್ ಅದನ್ನು ಬಳಸುವುದಿಲ್ಲ. ಹಾಗಾಗಿ ಎಳೆದ ಮೇಲೆ, ಟಿಕೆಟ್ ಬರೆಯುವ ಮೊದಲು ಪ್ರೋಗ್ರಾಂ ಬಿದ್ದುಹೋದರೂ ಫಲಿತಾಂಶ ಇದೇ.

ಹುಡುಕಲು ಹೋಗಿ ನೀವೇ ಮೇಲ್ ತೆರೆದುಬಿಡಬೇಡಿ ಮತ್ತೆ! ಪಟ್ಟಿಯಲ್ಲಿ ಓದಿದ್ದು ಯಾವುದು, ಓದದ್ದು ಯಾವುದು ಅಂತ ಕಣ್ಣಾಡಿಸಿ ಸಾಕು.

ಮೇಲ್ ಸರ್ವರ್ ನೋಡಿಕೊಳ್ಳುವವರು:
ಮೇಲಿನವರ ಮಾತಿಗೆ ನನ್ನದೂ ಒಂದು ಓಟು. ಆದರೆ ಒಂದು ಅನುಮಾನ. ಪರೀಕ್ಷೆ ಮೇಲ್ ಎಲ್ಲಿಂದ ಕಳಿಸಿದಿರಿ? ಆಫೀಸಿನ ವಿಳಾಸದಿಂದಲೇ ಆಗಿದ್ದರೆ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಒಳಗಿನಿಂದ ಒಳಗೆ ಹೋಗುವ ಮೇಲ್‌ಗೆ ಸ್ಪ್ಯಾಮ್ ಜರಡಿ ಸಡಿಲ. ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ನ ಡಿಸ್ಟ್ರಿಬ್ಯೂಷನ್ ಗ್ರೂಪ್‌ಗಳಂತೂ (ಒಂದು ವಿಳಾಸಕ್ಕೆ ಬಂದದ್ದನ್ನು ಹಲವರಿಗೆ ಹಂಚುವ ಪಟ್ಟಿಗಳು) ನೀವಾಗಿ ಬದಲಿಸದ ಹೊರತು ಹೊರಗಿನವರ ಮೇಲನ್ನು ತೆಗೆದುಕೊಳ್ಳುವುದೇ ಇಲ್ಲ. ನಿಮ್ಮ ಸಪೋರ್ಟ್ ವಿಳಾಸ ಮೇಲ್‌ಬಾಕ್ಸೋ ಗ್ರೂಪೋ, ಅದನ್ನು ಮೊದಲು ನೋಡಿ.

ಫಾರ್ವರ್ಡ್ ಇದ್ದರೆ ಇನ್ನೂ ಜಾಸ್ತಿ ಹುಷಾರು. ಹಳೆಯ ವಿಳಾಸದಿಂದ ಹೊಸದಕ್ಕೆ ಮೇಲ್ ತಿರುಗಿಸಿರುತ್ತೀರಿ ಅಂತಿಟ್ಟುಕೊಳ್ಳಿ. ಗ್ರಾಹಕರ ಡೊಮೇನ್ ಹೆಸರಲ್ಲಿ ಬಂದ ಮೇಲನ್ನು ಈಗ ತಲುಪಿಸುತ್ತಿರುವುದು ನಿಮ್ಮ ಹಳೆಯ ಸರ್ವರ್. ಆ ಸರ್ವರ್‌ಗೆ ಗ್ರಾಹಕರ ಎಸ್‌ಪಿಎಫ್ ದಾಖಲೆಯಲ್ಲಿ (ಆ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಜಾಗ ಇರುವುದಿಲ್ಲ. ಎಸ್‌ಪಿಎಫ್ ಫೇಲ್. ಕಳಿಸಿದ ಡೊಮೇನ್ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ, ಅಂದರೆ ಡಿಕಿಮ್, ಕೆಡದೆ ಬಂದರೆ ಮೇಲ್ ಬಚಾವ್. ದಾರಿಯಲ್ಲಿ ಯಾರೋ ಸಬ್ಜೆಕ್ಟ್‌ಗೆ ‘ಹೊರಗಿನ ಮೇಲ್’ ಅಂತ ಸೇರಿಸಿದ್ದರೆ ಅದೂ ಕೆಡಬಹುದು. ಆಗ ಗ್ರಾಹಕರ ಡಿಮಾರ್ಕ್ ನಿಯಮ (ಈ ಎರಡರಲ್ಲೂ ಫೇಲಾದ ಮೇಲನ್ನು ಏನು ಮಾಡಬೇಕು ಅನ್ನುವುದು) ಎಷ್ಟು ಬಿಗಿಯೋ ಅದರಂತೆ ಮೇಲ್ ಜಂಕ್‌ಗೆ ಹೋಗುತ್ತದೆ, ಇಲ್ಲವೇ ವಾಪಸ್ಸಾಗುತ್ತದೆ. ಕೆಲವರ ಮೇಲ್ ಬಂದು ಕೆಲವರದು ಬರದಿರಲು ಇದೊಂದು ಕಾರಣ ಸಾಕು: ಒಬ್ಬೊಬ್ಬರ ಡೊಮೇನ್ ನಿಯಮ ಒಂದೊಂದು ಥರ. ಹೆಲ್ಪ್ ಡೆಸ್ಕ್ ಇನ್‌ಬಾಕ್ಸ್ ಮಾತ್ರ ನೋಡುತ್ತದೆ, ಜಂಕ್ ಫೋಲ್ಡರ್‌ಗೆ ಅದು ಕಾಲಿಡುವುದಿಲ್ಲ.

ಇನ್ನೊಬ್ಬರು:
ಕೇಳಿದವರಿಗೆ ಇದು ಅನ್ವಯಿಸದು. ಆದರೆ ‘ಒಂದೂ ಬರುತ್ತಿಲ್ಲ’ ಅಂತ ಹುಡುಕಿಕೊಂಡು ಇಲ್ಲಿಗೆ ಬರುವವರಿಗೆ ಇರಲಿ. ಮೇಲ್ ಪೂರ್ತಿ ನಿಂತಿದ್ದರೆ ಮೊದಲು ಲಾಗಿನ್ ನೋಡಿ. ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಐಮ್ಯಾಪ್‌ಗೆ, ಮೇಲ್ ಎಳೆಯುವ ಇನ್ನೊಂದು ವಿಧಾನವಾದ ಪಾಪ್‌ಗೆ ಬರೀ ಯೂಸರ್‌ನೇಮ್-ಪಾಸ್‌ವರ್ಡ್ ಲಾಗಿನ್ ತೆಗೆಯುತ್ತಾ ಬಂತು. ಈಗ ಓಆತ್ ಟೋಕನ್ (ಪಾಸ್‌ವರ್ಡ್ ಬದಲು ತೋರಿಸುವ ಡಿಜಿಟಲ್ ಚೀಟಿ) ಬೇಕೇ ಬೇಕು. ಟೋಕನ್‌ಗೂ ಆಯುಸ್ಸಿದೆ. ಮೈಕ್ರೋಸಾಫ್ಟ್ ಪೋರ್ಟಲ್‌ನಲ್ಲಿ ಮಾಡುವ ಕ್ಲೈಂಟ್ ಸೀಕ್ರೆಟ್‌ಗೆ (ಟೋಕನ್ ಪಡೆಯಲು ಸಾಫ್ಟ್‌ವೇರ್ ಕೊಡುವ ಗುಟ್ಟಿನ ಸಂಕೇತ) ಹೆಚ್ಚೆಂದರೆ 24 ತಿಂಗಳು. ಗೂಗಲ್‌ನಲ್ಲಿ ಆ್ಯಪ್ ಅನ್ನು ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಬಿಟ್ಟಿದ್ದರೆ ಹೊಸ ಟೋಕನ್ ಪಡೆಯಲು ಬಳಸುವ ರಿಫ್ರೆಶ್ ಟೋಕನ್ 7 ದಿನಕ್ಕೆ ಸಾಯುತ್ತದೆ. ವಾರಕ್ಕೊಮ್ಮೆ ಸರಿಯಾಗಿ ನಿಲ್ಲುವ ಮೇಲ್ ಕಂಡರೆ ನಾನು ಬೇರೇನೂ ನೋಡುವುದಿಲ್ಲ, ಅದನ್ನೇ ನೋಡುತ್ತೇನೆ.

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಡೆಯುವ ಹೆಲ್ಪ್ ಡೆಸ್ಕ್ ಇದ್ದು, ಸರ್ವರ್ ಅಪ್‌ಡೇಟ್ ಆದ ಮಾರನೇ ದಿನ ಮೇಲ್ ನಿಂತರೆ: ಪಿಎಚ್‌ಪಿ 8.4ರಿಂದ ಐಮ್ಯಾಪ್ ಎಕ್ಸ್‌ಟೆನ್ಷನ್ ಜೊತೆಗೇ ಬರುವುದಿಲ್ಲ. ಬೇರೆಯಾಗಿ ಹಾಕಿಕೊಳ್ಳಬೇಕು.

ರಿಕ್ವೆಸ್ಟ್ ಟ್ರ್ಯಾಕರ್ ಬಳಸುವವರು:
ರಿಕ್ವೆಸ್ಟ್ ಟ್ರ್ಯಾಕರ್ ಕೂಡ ಒಂದು ಹೆಲ್ಪ್ ಡೆಸ್ಕ್ ಸಾಫ್ಟ್‌ವೇರೇ, ಆದರೆ ನಮ್ಮಲ್ಲಿ ವ್ಯವಸ್ಥೆ ಉಲ್ಟಾ. ಸಾಫ್ಟ್‌ವೇರ್ ಎಳೆದುಕೊಳ್ಳುವುದಿಲ್ಲ, ಮೇಲ್ ಸರ್ವರೇ ಆರ್‌ಟಿ-ಮೇಲ್‌ಗೇಟ್ ಎಂಬ ಪ್ರೋಗ್ರಾಂ ಮೂಲಕ ಒಳಗೆ ತಳ್ಳುತ್ತದೆ. ಅದು ವೆಬ್ ವಿಳಾಸವನ್ನೇ ಬಳಸುವುದರಿಂದ ವೆಬ್‌ಸೈಟ್‌ನ ಸರ್ಟಿಫಿಕೇಟ್ ಮುಗಿದರೆ ಮೇಲೂ ನಿಲ್ಲುತ್ತದೆ. ಒಳ್ಳೆಯದೆಂದರೆ ಅಂಥ ಹೊತ್ತಲ್ಲಿ ಮೇಲ್ ಕಳೆದುಹೋಗುವುದಿಲ್ಲ, ಸರ್ವರ್‌ನ ಕ್ಯೂನಲ್ಲಿ ಕಾಯುತ್ತದೆ. ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಆದರೆ ತಾನಾಗಿ 5 ದಿನ ಇಟ್ಟುಕೊಂಡು ಆಮೇಲೆ ವಾಪಸ್ ಕಳಿಸುತ್ತದೆ. ತಳ್ಳುವ ವ್ಯವಸ್ಥೆ ಇರುವವರು ಇನ್‌ಬಾಕ್ಸ್ ಬಿಟ್ಟು ಕ್ಯೂ ನೋಡಿ.

ಸಪೋರ್ಟ್ ಟೀಮ್ ಲೀಡ್:
ಬಿಸಾಕುವ ವಿಷಯ ಯಾರೂ ವಿವರವಾಗಿ ಹೇಳಲಿಲ್ಲ, ಅಲ್ವಾ? ನಮಗೆ ಕಾಟ ಕೊಟ್ಟಿದ್ದು ಅದೇ. ವೆಬ್‌ಸೈಟ್‌ನ ‘ಸಂಪರ್ಕಿಸಿ’ ಫಾರ್ಮ್ ತುಂಬಿದವರ ಮೇಲ್‌ಗಳು ಇನ್‌ಬಾಕ್ಸ್‌ಗೆ ಬರುತ್ತಿದ್ದವು, ಟಿಕೆಟ್ ಆಗುತ್ತಿರಲಿಲ್ಲ. ಫಾರ್ಮ್ ಮಾಡಿದವರು ‘ಫ್ರಮ್’ ಜಾಗದಲ್ಲಿ ಸಪೋರ್ಟ್ ವಿಳಾಸವನ್ನೇ ಹಾಕಿದ್ದರು. ಹೆಲ್ಪ್ ಡೆಸ್ಕ್‌ಗೆ ಅದು ತಾನೇ ಕಳಿಸಿದ ಮೇಲ್‌ನಂತೆ ಕಂಡಿತು. ತನ್ನದೇ ಮೇಲ್‌ಗೆ ಟಿಕೆಟ್ ಮಾಡಿದರೆ ಅದಕ್ಕೆ ಆಟೋ ರಿಪ್ಲೈ, ಆ ರಿಪ್ಲೈಗೆ ಇನ್ನೊಂದು ಟಿಕೆಟ್, ಹೀಗೆ ಕೊನೆಯೇ ಇಲ್ಲ. ಅದಕ್ಕೇ ಸುಮ್ಮನೆ ಬಿಟ್ಟುಬಿಡುತ್ತದೆ. ಫಾರ್ಮ್‌ಗೆ ಬೇರೆ ‘ಫ್ರಮ್’ ವಿಳಾಸ ಕೊಟ್ಟು, ಗ್ರಾಹಕರ ವಿಳಾಸವನ್ನು ‘ರಿಪ್ಲೈ-ಟು’ನಲ್ಲಿ ಹಾಕಿಸಿದೆವು. ‘ರಿಪ್ಲೈ-ಟು’ ನೋಡುವಂತೆ ಹೆಲ್ಪ್ ಡೆಸ್ಕ್‌ನಲ್ಲೂ ಒಂದು ಟಿಕ್ ಹಾಕಬೇಕಾಯಿತು.

ಹೆಡರ್‌ನಲ್ಲಿ (ಮೇಲ್‌ನ ಜೊತೆ ಬರುವ ಮೇಲ್ತಲೆಯ ವಿವರಗಳು) ‘ಆಟೋ-ಸಬ್ಮಿಟೆಡ್’ ಇದ್ದರೂ ಹೀಗೇ. 2004ರ ಆರ್‌ಎಫ್‌ಸಿ 3834 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿ ಹೇಳಿರುವ ಗುರುತು ಅದು. ಯಂತ್ರ ಕಳಿಸಿದ ಮೇಲ್‌ಗೆ ಯಂತ್ರ ಉತ್ತರಿಸದಿರಲಿ ಅಂತ. ಗ್ರಾಹಕರ ಮಾನಿಟರಿಂಗ್ ಸಾಫ್ಟ್‌ವೇರ್ ಕಳಿಸುವ ಎಚ್ಚರಿಕೆಗಳಲ್ಲೂ ಅದು ಇರಬಹುದು. ಅವು ನಿಮಗೆ ಬೇಕಿದ್ದರೆ ಪ್ರತ್ಯೇಕ ನಿಯಮ ಬರೆಯಿರಿ, ಆದರೆ ಆಟೋ ರಿಪ್ಲೈ ಹೋಗದಂತೆ.

ಹಾಗೇ ಹಳೇ ಟಿಕೆಟ್‌ಗಳೊಳಗೂ ಒಮ್ಮೆ ಹುಡುಕಿ. ಹೊಸ ವಿಷಯ ಬರೆಯಲು ಜನ ನಿಮ್ಮ ಹಳೇ ಮೇಲ್‌ಗೇ ರಿಪ್ಲೈ ಒತ್ತುತ್ತಾರೆ. ಸಬ್ಜೆಕ್ಟ್ ಅಳಿಸಿ ಬೇರೆ ಬರೆದರೂ ‘ಇನ್-ರಿಪ್ಲೈ-ಟು’ ಹೆಡರ್ ಒಳಗೆ ಉಳಿದಿರುತ್ತದೆ. ಸಾಫ್ಟ್‌ವೇರ್ ಅದನ್ನು ಹಿಡಿದು ಎಂದೋ ಮುಚ್ಚಿದ ಟಿಕೆಟ್‌ಗೆ ಅಂಟಿಸುತ್ತದೆ. ಮುಚ್ಚಿದ ಟಿಕೆಟ್ ಮತ್ತೆ ತೆರೆಯುವ ಆಯ್ಕೆ ಆಫ್ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಡೇಟಾಬೇಸ್ ಕಡೆಯವರು:
ಒಂದು ಚಿಕ್ಕ ಸೇರ್ಪಡೆ. ಎಮೋಜಿ ಇರುವ ಮೇಲ್ ಮಾತ್ರ ತಪ್ಪುತ್ತಿದೆಯಾ? ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಅಕ್ಷರ ಉಳಿಸುವ ಹಳೇ ವಿಧಾನ ‘ಯುಟಿಎಫ್8’ ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತದೆ, ಎಮೋಜಿಗೆ 4 ಬೇಕು. ಟೇಬಲ್‌ಗಳನ್ನು ‘ಯುಟಿಎಫ್8ಎಂಬಿ4’ಗೆ ಬದಲಿಸಬೇಕು. ದೊಡ್ಡ ಅಟ್ಯಾಚ್‌ಮೆಂಟ್ ಇರುವುದು ಮಾತ್ರ ತಪ್ಪುತ್ತಿದ್ದರೆ, ಮೇಲ್‌ನಲ್ಲಿ ಹೋಗಲು ಅಕ್ಷರಗಳ ರೂಪಕ್ಕೆ, ಅಂದರೆ ಬೇಸ್64ಗೆ, ಬದಲಾದ ಮೇಲೆ ಫೈಲ್ ಮೂರನೇ ಒಂದು ಪಾಲು ದಪ್ಪಗಾಗುತ್ತದೆ ಅನ್ನುವುದು ನೆನಪಿರಲಿ. ಮಿತಿ 10 ಎಂಬಿ ಅಂತಿದ್ದರೆ 8 ಎಂಬಿ ಫೈಲೂ ಸಿಕ್ಕಿಕೊಳ್ಳಬಹುದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಒಂದಲ್ಲ, ಎರಡು ಕಾರಣ ಸಿಕ್ಕವು. ಸಹೋದ್ಯೋಗಿಯೊಬ್ಬರು ಸಪೋರ್ಟ್ ಮೇಲ್‌ಬಾಕ್ಸನ್ನು ತಮ್ಮ ಫೋನ್‌ಗೆ ಸೇರಿಸಿಕೊಂಡಿದ್ದರು. ತುರ್ತು ವಿಷಯ ಬೇಗ ಗೊತ್ತಾಗಲಿ ಅಂತ. ಅವರು ನೋಡಿದ್ದೆಲ್ಲಾ ‘ಓದಿದ’ ಸ್ಥಿತಿಯಲ್ಲಿ ಇನ್‌ಬಾಕ್ಸ್‌ನಲ್ಲೇ ಕೂತಿವೆ. ಆಮೇಲೆ ಹೊರಗಿನ ವಿಳಾಸದಿಂದ ಪರೀಕ್ಷೆ ಮಾಡಿದೆ. ನೇರವಾಗಿ ಕಳಿಸಿದ್ದು ಬಂತು. ಹಳೇ ಡೊಮೇನ್‌ನ ವಿಳಾಸಕ್ಕೆ ಕಳಿಸಿದ್ದು ಜಂಕ್‌ನಲ್ಲಿ ಸಿಕ್ಕಿತು, ಜೊತೆಗೆ ಗ್ರಾಹಕರ ಮೇಲ್‌ಗಳ ಒಂದು ರಾಶಿ. ಈಗ ಇವನ್ನೆಲ್ಲಾ ಓದಿಲ್ಲ ಅಂತ ಗುರುತು ಮಾಡಿ ಇನ್‌ಬಾಕ್ಸ್‌ಗೆ ಹಾಕಿದರೆ ಆಯಿತಲ್ಲ?

ಹೆಲ್ಪ್ ಡೆಸ್ಕ್ ಅಡ್ಮಿನ್ ಒಬ್ಬರು:
ಆಗುತ್ತದೆ, ಆದರೆ ತಡೆಯಿರಿ. ಮೊದಲು ಆಟೋ ರಿಪ್ಲೈ ಆಫ್ ಮಾಡಿ. ಇಲ್ಲದಿದ್ದರೆ ಆಗಲೇ ಫೋನ್‌ನಲ್ಲಿ ಬೈದು ಕೆಲಸ ಮುಗಿಸಿಕೊಂಡವರಿಗೂ ‘ನಿಮ್ಮ ದೂರು ತಲುಪಿದೆ’ ಅಂತ ಹೋಗುತ್ತದೆ. ಜಂಕ್‌ನಲ್ಲಿರುವುದನ್ನು ಒಟ್ಟಿಗೆ ಎತ್ತಿ ಹಾಕಬೇಡಿ, ನಿಜವಾದ ಸ್ಪ್ಯಾಮ್ ಆರಿಸಿ ತೆಗೆಯಿರಿ. ಒಂದೇ ಮೇಲ್ ಹಾಕಿ ಟಿಕೆಟ್ ಆಗುವುದನ್ನು ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಟಿಕೆಟ್ ತಾರೀಖು ಮೇಲ್ ಬಂದ ದಿನದ್ದಾಗದೆ ಇವತ್ತಿನದ್ದಾಗಬಹುದು, ಟೀಮ್‌ಗೆ ಮೊದಲೇ ಹೇಳಿಡಿ.

ಮೇಲ್ ಸರ್ವರ್ ನೋಡಿಕೊಳ್ಳುವವರು:
ಫಾರ್ವರ್ಡ್ ತೆಗೆದು ಹಳೇ ವಿಳಾಸವನ್ನೂ ಒಂದು ಮೇಲ್‌ಬಾಕ್ಸ್ ಆಗಿ ಹೆಲ್ಪ್ ಡೆಸ್ಕ್‌ಗೆ ನೇರ ಜೋಡಿಸಿ. ಆಗ ಎಸ್‌ಪಿಎಫ್ ರಗಳೆಯೇ ಇರುವುದಿಲ್ಲ. ಮತ್ತೆ ಆ ಸಹೋದ್ಯೋಗಿಯ ಫೋನ್‌ನಿಂದ ಮೇಲ್‌ಬಾಕ್ಸ್ ತೆಗೆಸುವಾಗ, ತುರ್ತು ಟಿಕೆಟ್ ಬಂದರೆ ಅವರಿಗೆ ಹೆಲ್ಪ್ ಡೆಸ್ಕ್‌ನಿಂದಲೇ ಸೂಚನೆ ಹೋಗುವಂತೆ ಮಾಡಿಕೊಡಿ. ಇಲ್ಲದಿದ್ದರೆ ಮತ್ತೆ ಸೇರಿಸಿಕೊಳ್ಳುತ್ತಾರೆ.