ಪುದೀನ 25 ಗ್ರಾಂ ಅಂದರೆ ಎಷ್ಟು ಕಪ್ ಮಾರಾಯ್ರೆ?

ಮಣಿಪಾಲದ ರೂಮಿನವ: ತಕ್ಕಡಿ ಇಲ್ಲ. ಇರುವುದು 250 ಎಂಎಲ್‌ನ ಒಂದು ಕಪ್, ಎರಡು ಚಮಚ. ಪಲಾವ್‌ಗೆ ಪುದೀನ 25 ಗ್ರಾಂ ಅಂತ ಇತ್ತು. ಕಪ್ ತುಂಬ ನೀರು 250 ಗ್ರಾಂ ಅಲ್ವಾ, ಹಾಗಾಗಿ ಕಪ್ಪಿನ ಹತ್ತರಲ್ಲಿ ಒಂದು ಪಾಲು ಅಂತ ಲೆಕ್ಕ ಹಾಕಿ ಎರಡು ಚಮಚ ಎಲೆ ಹಾಕಿದೆ. ಪುದೀನದ ಪರಿಮಳವೇ ಇಲ್ಲ. ಮರುದಿನ ಸಾರಿನ ಪುಡಿ. ಕೊತ್ತಂಬರಿ ಬೀಜ 5 ಗ್ರಾಂ ಅಂದರೆ ಒಂದು ದೊಡ್ಡ ಚಮಚ ಅಂತ ಓದಿದ್ದೆ, ಮೆಂತ್ಯೆಯೂ 5 ಗ್ರಾಂ ಅಂತ ಇತ್ತು, ಹಾಗಾಗಿ ಅದೂ ಒಂದು ಚಮಚ. ಕಹಿ ಅಂದರೆ ಕಹಿ. ಎಲ್ಲಿ ತಪ್ಪಿದೆ?

ಕಡಿಯಾಳಿ ಅಕ್ಕ: ನೀರಿನ ಲೆಕ್ಕ ಸೊಪ್ಪಿಗೆ ಹಾಕಿದ್ದೇ ತಪ್ಪು. ಕಪ್ಪಿನಲ್ಲಿ ಸೊಪ್ಪಿಗಿಂತ ಗಾಳಿಯೇ ಜಾಸ್ತಿ. 25 ಗ್ರಾಂ ಪುದೀನ ಹೆಚ್ಚುಕಮ್ಮಿ ಒಂದು ಕಪ್ ಬರುತ್ತದೆ. ಹೆಚ್ಚಿದ ಕೊತ್ತಂಬರಿ ಸೊಪ್ಪು ಇನ್ನೂ ಹಗುರ, ಸುಮ್ನೆ ತುಂಬಿದರೆ ಕಪ್ಪಿಗೆ ಬರೀ 16 ಗ್ರಾಂ. ಒತ್ತಿ ತುಂಬಿದರೆ ತೂಕ ಏರುತ್ತದೆ, ಅದಕ್ಕೇ ಸೊಪ್ಪಿನ ವಿಷಯದಲ್ಲಿ ಕಪ್ಪನ್ನು ಪೂರ್ತಿ ನಂಬಬೇಡಿ. ತೊಳೆದ ಮೇಲೆ ತೂಗಿದರೆ ನೀರಿನ ತೂಕವೂ ಸೇರುತ್ತದೆ.

ಬೀಜಗಳದ್ದು ಬೇರೆ ಕಥೆ. 15 ಎಂಎಲ್‌ನ ಅದೇ ಚಮಚದಲ್ಲಿ ಕೊತ್ತಂಬರಿ ಬೀಜ 5 ಗ್ರಾಂ, ಜೀರಿಗೆ 6, ಮೆಂತ್ಯೆ 11! ಕೊತ್ತಂಬರಿ ಉರುಟು, ಒಳಗೆ ಟೊಳ್ಳು. ಮೆಂತ್ಯೆ ಸಣ್ಣ ಕಲ್ಲಿನ ಹಾಗೆ ಒತ್ತೊತ್ತಾಗಿ ಕೂರುತ್ತದೆ. ನೀವು ಹಾಕಿದ್ದು ಎರಡು ಪಾಲು ಮೆಂತ್ಯೆ, ಕಹಿ ಆಗದೆ ಇರುತ್ತದಾ?

ಕದ್ರಿ ಕಡೆಯವ: ತಕ್ಕಡಿ ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ಉಂಟಲ್ಲ. ಒಂದು ನಾಣ್ಯ ಸುಮಾರು 7.7 ಗ್ರಾಂ, 13 ನಾಣ್ಯಕ್ಕೆ 100. ಸ್ಕೇಲಿನ ಎರಡೂ ತುದಿಗೆ ಒಂದೇ ತರದ ಡಬ್ಬಿ ಮುಚ್ಚಳ ಕಟ್ಟಿ, ನಡುವೆ ದಾರ ಹಾಕಿ ಎತ್ತಿ. ಮೂರು ನಾಣ್ಯಕ್ಕೆ ಸರಿಯಾಗುವಷ್ಟು ಪುದೀನ ಹಾಕಿದರೆ ನಿಮ್ಮ 25ರ ಹತ್ತಿರ ಬಂತು. ನಾನು ಹಾಸ್ಟೆಲಿನಲ್ಲಿ ಹೀಗೇ ಮಾಡುತ್ತಿದ್ದೆ, ಎಲ್ಲರೂ ನಗುತ್ತಿದ್ದರು, ಪಲಾವ್ ಮಾತ್ರ ಖಾಲಿ ಮಾಡುತ್ತಿದ್ದರು.

ಒಣ ಪುದೀನ ಹಾಕುವುದಾದರೆ ಮೂರು ಚಮಚ ಹಸಿಗೆ ಒಂದು ಚಮಚ ಒಣದ್ದು ಸಾಕು. ಇದು ಚಮಚದ ಲೆಕ್ಕ, ತೂಕಕ್ಕೆ ಇದನ್ನೇ ಹಾಕಬೇಡಿ.

ಕಡಿಯಾಳಿ ಅಕ್ಕ: ನಾಣ್ಯದ್ದು ಚೆನ್ನಾಗುಂಟು! ಇನ್ನೊಂದು, ನಾಳೆ ತಕ್ಕಡಿ ತಂದರೂ 2 ಗ್ರಾಂ ಮೆಂತ್ಯೆ ತೂಗಲು ಹೋಗಬೇಡಿ. ನನ್ನದು ಸಣ್ಣ ತೂಕಕ್ಕೆ ಸೊನ್ನೆಯಲ್ಲೇ ನಿಲ್ಲುತ್ತದೆ. ಹತ್ತು ಚಮಚ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಆ ಅಂಕಿಯನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ. ಅಜ್ಜಿ ಎಲ್ಲವನ್ನೂ ಕುಡ್ತೆ ಅನ್ನುವ ಹಳೇ ಅಳತೆ ಪಾತ್ರೆಯಲ್ಲೇ ಹೇಳುತ್ತಿದ್ದರು. ಅವರ ಕುಡ್ತೆ ಈಗಲೂ ನನ್ನ ಹತ್ತಿರ ಉಂಟು, ಒಂದು ಮಧ್ಯಾಹ್ನ ಕೂತು ಅದರಲ್ಲಿ ಕೊತ್ತಂಬರಿ, ಜೀರಿಗೆ, ಮೆಂತ್ಯೆ ಎಲ್ಲ ತುಂಬಿ ತುಂಬಿ ತೂಗಿ ಬರೆದುಕೊಂಡೆ. ಬೇರೆ ಮನೆಯ ಕುಡ್ತೆಗೆ ಆ ಲೆಕ್ಕ ಹೊಂದಬೇಕೆಂದಿಲ್ಲ.

ಮಣಿಪಾಲದ ರೂಮಿನವ: ಒಂಬತ್ತು ನಾಣ್ಯ ಸಿಕ್ಕಿದವು, ಸಾಕು. ಆ ಸಾರು ಚೆಲ್ಲಲಿಲ್ಲ, ರೂಮಿನ ಗೆಳೆಯ ಶುಗರ್‌ಗೆ ಒಳ್ಳೇದು ಅಂತ ಎರಡು ಲೋಟ ಕುಡಿದ. ಅವನಿಗೆ ಶುಗರ್ ಇಲ್ಲ.